ಬಾಡಿಗೆ ಮನೆ ಬದಲಾದ್ರೆ ಗೃಹಜ್ಯೋತಿ ಹೆಂಗ? (ಕಲಬುರಗಿ)

ಪ್ರಶ್ನೆ: ಹೊಸ ಬಾಡಿಗೆ ಮನಿಗೆ ಗೃಹಜ್ಯೋತಿ (ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟ್ ಯೋಜನೆ) ಅರ್ಜಿ ಹಾಕಿದ್ರೆ ಆಧಾರ್ ಮೊದಲೇ ಜೋಡಣೆ ಆಗ್ಯಾದ ಅಂತ ತೋರಸ್ತದ. ಏನ್ ಮಾಡ್ಬೇಕ್ರಿ? ಬ್ಯಾಸಗ್ಯಾಗ ಕೂಲರ್ ಹಚ್ಚಿದ್ರೆ ಬಿಲ್ ಪೂರ್ತಿ ಬರ್ತದೇನು?

ಉತ್ತರ 1: ಸೇವಾ ಸಿಂಧು ಪೋರ್ಟಲ್‌ನಾಗ (ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣ) ಮೊದಲು ಹಳೇ ಮನಿ ಡಿ-ಲಿಂಕ್ ಮಾಡ್ರಿ, ಅಂದ್ರ ಆ ಮನಿ ಜೋಡಿ ಇರೋ ಆಧಾರ್ ಜೋಡಣೆ ತೆಗೀರಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಾಗಿರ್ಲಿ, ಓಟಿಪಿ ಅದಕ್ಕೇ ಬರೋದು. ಆಮೇಲೆ ಹೊಸ ಬಿಲ್ಲಿನ ಮ್ಯಾಲಿನ ಅಕೌಂಟ್ ಐಡಿ, ಬಾಡಿಗೆ ಕರಾರು ಪತ್ರ ಇಟ್ಕೊಂಡು ಮತ್ತ ಅರ್ಜಿ ಹಾಕ್ರಿ.

ಉತ್ತರ 2: ಯೋಜನೆಯ ಮೂಲ ಲೆಕ್ಕ ಹಿಂಗದ: 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದ್ದೇ ಪುಕ್ಕಟೆ ಯೂನಿಟ್‌ನ ಮಿತಿ. ಸರಾಸರಿ 90 ಇದ್ರೆ ಮಿತಿ 99. 130 ಸುಟ್ರೆ 31 ಯೂನಿಟ್‌ಗೆ ರೊಕ್ಕ. 200 ದಾಟಿದ್ರೆ ಮಾತ್ರ ಪೂರ್ತಿ ಬಿಲ್. 180 ವ್ಯಾಟ್ ಕೂಲರ್ ದಿನಾ 10 ತಾಸು ಓಡಿದ್ರೆ ತಿಂಗಳಿಗೆ 54 ಯೂನಿಟ್. ಒಂದೇ ಮೀಟರಿಗೆ ಎರಡು ಸಂಸಾರ ಇದ್ರೆ ಏಪ್ರಿಲ್‌ದಾಗ 200 ದಾಟೋದು ಸುಲಭ. ಮಾಲೀಕರಿಗೆ ಹೇಳಿ ಬ್ಯಾರೆ ಮೀಟರ್ ಹಾಕಿಸ್ರಿ.

ಉತ್ತರ 3: ಬಿಲ್ಲಿನ ರೀಡಿಂಗ್, ಮೀಟರಿನ ಅಂಕಿ ತಾಳೆ ನೋಡ್ರಿ. ತಪ್ಪಿದ್ರೆ ಫೋಟೋ ತೆಗೆದಿಟ್ಟು ಕರೆಂಟ್ ಸಹಾಯವಾಣಿ 1912ಕ್ಕೆ ದೂರು ಕೊಡ್ರಿ, ದೂರಿನ ನಂಬರ್ ಬರ್ಕೊಳ್ರಿ. 2023ರ ಆಗಸ್ಟ್ 5ಕ್ಕ ಈ ಯೋಜನೆ ಚಾಲೂ ಆಗಿದ್ದು ನಮ್ಮ ಕಲಬುರಗ್ಯಾಗೇ. ಇಲ್ಲಿನ ಬಿಸಿಲಿಗೆ ಏಪ್ರಿಲ್-ಮೇ ಮಿತಿ ಹೆಚ್ಚಿಸಲೇಬೇಕು. 201ನೇ ಯೂನಿಟ್‌ಗೆ ಪೂರ್ತಿ ಬಿಲ್ ಬಡವರಿಗೆ ಭಾಳ ಹೊಡೆತ.