ಹೆಸರು ಕೊಟ್ಟರೆ ಸಿಗುವ ತಾಣ ವಿಷಯ ಕೊಟ್ಟರೆ ಏಕೆ ಸಿಗುವುದಿಲ್ಲ?

ತೋಟದಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಶಿರಸಿಯಲ್ಲಿ ಗೆಳೆಯರೊಂದಿಗೆ ಸೇರಿ ಬಹುಕಾಲ ನಡೆಸಿದ ಒಂದು ಸಣ್ಣ ಕೃಷಿ ಮಾಸಿಕದ ಲೇಖನಗಳನ್ನು ನಾನು 2006ರಿಂದ ಜಾಲತಾಣದಲ್ಲಿ ಹಾಕುತ್ತ ಬಂದಿದ್ದೇನೆ. ಅಡಿಕೆ, ಕಾಳುಮೆಣಸು, ಜೇನು ಸಾಕಣೆ, ಸೊಪ್ಪಿನ ಬೆಟ್ಟ ಎಂದು ನಮ್ಮ ಭಾಗದ ಬೇಸಾಯಕ್ಕೆ ಸಂಬಂಧಿಸಿದ ಸುಮಾರು 340 ಲೇಖನಗಳು ಅಲ್ಲಿವೆ. ಮಾಸಿಕದ ಹೆಸರನ್ನು ಗೂಗಲ್‌ನಲ್ಲಿ ಕೊಟ್ಟರೆ ನಮ್ಮ ತಾಣವೇ ಮೊದಲು ಬರುತ್ತದೆ. ಆದರೆ 'ಅಡಿಕೆ ಕೊಳೆರೋಗ' ಎಂದು ಹುಡುಕಿದರೆ ಐದನೆಯ ಪುಟದವರೆಗೆ ಹೋದರೂ ನಮ್ಮ ಸುಳಿವಿಲ್ಲ. ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಈ ರೋಗವೊಂದರ ಬಗ್ಗೆಯೇ ನಮ್ಮಲ್ಲಿ 22 ಲೇಖನಗಳಿವೆ ಎಂಬುದು ಇನ್ನಷ್ಟು ಸಂಕಟದ ಮಾತು.

2019ರಲ್ಲಿ ವಿನ್ಯಾಸವನ್ನು ಬದಲಿಸಿ, ಮೊಬೈಲಿನಲ್ಲೂ ಚೆನ್ನಾಗಿ ಕಾಣುವಂತೆ ಮಾಡಿಸಿದೆ. ಕಳೆದ ವರ್ಷ ಎಸ್‌ಇಒ (ಹುಡುಕಾಟದಲ್ಲಿ ತಾಣವನ್ನು ಮೇಲೆ ತರುವ ಕೆಲಸ) ಮಾಡಿಕೊಡುತ್ತೇವೆಂದ ಸಂಸ್ಥೆಯೊಂದಕ್ಕೆ ಆರು ತಿಂಗಳಿಗೆ 18,000 ರೂಪಾಯಿ ಕೊಟ್ಟೆ. ಅವರು ಪ್ರತಿ ಪುಟದಲ್ಲೂ 'ಮೆಟಾ ಕೀವರ್ಡ್' (ಓದುಗರಿಗೆ ಕಾಣದ, ಹುಡುಕುವ ಯಂತ್ರಕ್ಕೆಂದು ಬರೆಯುವ ಪದಗಳ ಪಟ್ಟಿ) ತುಂಬಿಸಿ, 500 ಬೇರೆ ತಾಣಗಳಿಂದ ನಮಗೆ ಕೊಂಡಿ ಹಾಕಿಸಿದ್ದೇವೆಂದು ಒಂದು ಎಕ್ಸೆಲ್ ಪಟ್ಟಿಯನ್ನು ಕಳುಹಿಸಿದರು. ಪಟ್ಟಿ ಬಹಳ ಉದ್ದವಾಗಿತ್ತು. ಓದುಗರ ಸಂಖ್ಯೆ ಮಾತ್ರ ಇದ್ದಲ್ಲೇ ಇದೆ. ಇನ್ನೂ ಹಣ ಹಾಕುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ಲೇಖನಗಳ ವಿಳಾಸಗಳನ್ನು ಕನ್ನಡ ಲಿಪಿಯಲ್ಲಿ ಮಾಡಿದರೆ ಅನುಕೂಲವಾದೀತೆ? ಅಥವಾ ತಾಣದ ವೇಗದಲ್ಲಿ ತೊಂದರೆಯಿರಬಹುದೆ?

ದಿನಕ್ಕೊಂದು:

ಹಳೆಯ ಲೇಖನಗಳನ್ನು ನೆಚ್ಚಿಕೊಂಡು ಕುಳಿತರೆ ಪ್ರಯೋಜನವಿಲ್ಲ. ಹೊಸ ಬರಹ ಪ್ರತಿದಿನ ಬೀಳುತ್ತಿದ್ದರೆ ಗೂಗಲ್ ತಾನಾಗಿ ತಾಣದ ಕಡೆ ತಿರುಗುತ್ತದೆ. ಈಗ ಎಐ ಸಾಧನಗಳಿಂದ ಒಂದೇ ದಿನದಲ್ಲಿ ನೂರು ಲೇಖನ ಬರೆಸಬಹುದು. ಅಡಿಕೆಯ ಕುರಿತು ಜನ ಕೇಳುವ ಪ್ರಶ್ನೆಗಳನ್ನೆಲ್ಲ ಕೊಟ್ಟು ಬರೆಸಿ, ಹಾಕಿ ನೋಡಿ.

ಒತ್ತಕ್ಷರ:

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಶ್ರೇಯಾಂಕಕ್ಕಾಗಿಯೇ ರಾಶಿರಾಶಿಯಾಗಿ ಪುಟಗಳನ್ನು ಸೃಷ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನೀತಿಯಲ್ಲಿ, ಅಂದರೆ ಮಾಡಬಾರದ ತಂತ್ರಗಳ ಪಟ್ಟಿಯಲ್ಲಿ, ಸ್ಪಷ್ಟವಾಗಿ ಸೇರಿಸಿದೆ. ಅದನ್ನು ಯಂತ್ರ ಬರೆಯಿತೋ ಮನುಷ್ಯ ಬರೆದನೋ ಎಂಬುದು ಅಲ್ಲಿ ಮುಖ್ಯವಲ್ಲ. ಅದಿರಲಿ, ನಿಮ್ಮ ತೊಂದರೆ ಲೇಖನಗಳ ಕೊರತೆಯದಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಹೆಸರು ಕೊಟ್ಟರೆ ಸಿಗುತ್ತದೆ, ವಿಷಯ ಕೊಟ್ಟರೆ ಸಿಗುವುದಿಲ್ಲ. ಮಾಸಿಕದ ಹೆಸರು, ಮೆನು ಮೊದಲಾದವನ್ನು 2019ರಲ್ಲಿ ವಿನ್ಯಾಸಕಾರರು ಹೊಸದಾಗಿ ಟೈಪ್ ಮಾಡಿರುತ್ತಾರೆ. ಲೇಖನಗಳ ಒಡಲು ಮಾತ್ರ 2006ರಲ್ಲಿ ನೀವು ಟೈಪ್ ಮಾಡಿದ್ದೇ ಆಗಿರುತ್ತದೆ. ಆಗ ನೀವು ಕನ್ನಡ ಟೈಪ್ ಮಾಡಲು ನುಡಿ ಅಥವಾ ಬರಹ ತಂತ್ರಾಂಶ ಬಳಸಿದ್ದಿರಬೇಕು ಎಂಬುದು ನನ್ನ ಊಹೆ. ಪರೀಕ್ಷಿಸುವುದು ಸುಲಭ. ಕೊಳೆರೋಗದ ಲೇಖನವೊಂದರಿಂದ ಒಂದು ಸಾಲನ್ನು ನಕಲು ಮಾಡಿ, ನಿಮಗೆ ನೀವೇ ವಾಟ್ಸ್ಯಾಪಿನಲ್ಲಿ ಕಳುಹಿಸಿಕೊಳ್ಳಿ. ಅಲ್ಲಿ ಕನ್ನಡ ಕಂಡರೆ ನನ್ನ ಊಹೆ ತಪ್ಪು. ಕನ್ನಡದ ಬದಲು ಇಂಗ್ಲಿಷಿನ ಪಿ, ಅದರ ಬೆನ್ನಿಗೆ ತಲೆಯ ಮೇಲೆ ಗೀರು ಹೊತ್ತ ಎ, ಹೀಗೆ ಅರ್ಥವಿಲ್ಲದ ಸರಣಿ ಕಂಡರೆ ನಿಮ್ಮ 340 ಲೇಖನಗಳು ಗೂಗಲ್‌ನ ಪಾಲಿಗೆ ಕನ್ನಡವೇ ಅಲ್ಲ.

ಕಾರಣ ಇಷ್ಟೆ. ಹುಡುಕುವ ಯಂತ್ರ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅದರ ಹಿಂದಿನ ಸಂಕೇತಸಂಖ್ಯೆಯನ್ನು ಓದುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಗೊತ್ತುಮಾಡಿರುವ ಜಾಗತಿಕ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಿಭಾಗವಿದ್ದು, ಅಲ್ಲಿ 'ಕ' ಅಕ್ಷರದ ಸಂಖ್ಯೆ 3221. ನುಡಿಯ ಹಳೆಯ ಫಾಂಟುಗಳಲ್ಲಿ ಅದೇ 'ಕ' 80 ಮತ್ತು 192 ಎಂಬ ಎರಡು ಸಂಖ್ಯೆಗಳಾಗಿ ಕೂತಿರುತ್ತದೆ; ಫಾಂಟು ಆ ಎರಡಕ್ಕೂ ಕನ್ನಡದ ತುಂಡು ಚಿತ್ರಗಳನ್ನು ತೊಡಿಸಿ ನಮ್ಮ ಕಣ್ಣಿಗೆ 'ಕ' ಮಾಡಿ ತೋರಿಸುತ್ತದೆ. ನಿಮ್ಮ ವಿನ್ಯಾಸಕಾರರು ಆ ಫಾಂಟನ್ನೇ ವೆಬ್ ಫಾಂಟಾಗಿ (ಪುಟದೊಂದಿಗೇ ಓದುಗರ ಸಾಧನಕ್ಕೆ ಇಳಿಯುವ ಫಾಂಟಾಗಿ) ತಾಣದಲ್ಲಿ ಸೇರಿಸಿದ್ದರೆ ಮೊಬೈಲಿನಲ್ಲೂ ಲೇಖನ ಸೊಗಸಾಗಿ ಕಾಣುತ್ತದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ರೈತರು ಹುಡುಕುವ 'ಕೊಳೆರೋಗ' ಎಂಬ ಪದ ನಿಮ್ಮ ತಾಣದ ಒಂದು ಪುಟದಲ್ಲೂ ಇಲ್ಲದಿರುವಾಗ ಮೊದಲ ಪುಟದ ಮಾತೆಲ್ಲಿ ಬಂತು?

ಪಿಡಿಎಫ್ ಹಾಕಿದ್ದರೆ ಅವನ್ನೂ ಹೀಗೆಯೇ ನೋಡಿ. ಹಳೆಯ ಫಾಂಟಿನಲ್ಲಿ ಪುಟವಿನ್ಯಾಸ ಮಾಡಿದ ಸಂಚಿಕೆಗಳಿಗೂ ಇದೇ ಗತಿ.

ಇನ್ನು ಸಂಸ್ಥೆಯವರು ಮಾಡಿದ ಕೆಲಸ. ಮೆಟಾ ಕೀವರ್ಡ್ ಅನ್ನು ತಾನು ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಹಾಗಾಗಿ ಆ ಶ್ರಮದಿಂದ ಒಳಿತೂ ಇಲ್ಲ, ಕೆಡುಕೂ ಇಲ್ಲ. ಕೊಂಡಿಗಳ ವಿಚಾರ ಸ್ವಲ್ಪ ಬೇರೆ. ಒಂದು ಪುಟಕ್ಕೆ ಯಾರು ಯಾರು ಕೊಂಡಿ ಕೊಟ್ಟಿದ್ದಾರೆ ಎಂಬುದರಿಂದ ಅದರ ತೂಕ ಅಳೆಯುವ ಪೇಜ್‌ರ‍್ಯಾಂಕ್ ವಿಧಾನದ ಮೇಲೆಯೇ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಕಟ್ಟಿದ್ದು ನಿಜ, ಕೊಂಡಿಗೆ ಇಂದಿಗೂ ಬೆಲೆಯಿದೆ. ಆದರೆ ಕೊಂಡ ಕೊಂಡಿಗಳನ್ನು ಹಿಡಿಯಲು 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂತು, 2016ರಿಂದ ಅದು ಮೂಲ ವ್ಯವಸ್ಥೆಯ ಭಾಗವಾಗಿ ಅಂಥ ಕೊಂಡಿಗಳನ್ನು ಬಹುತೇಕ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ, ತಾಣಕ್ಕೆ ವಿಧಿಸಿದ ದಂಡನೆಗಳನ್ನು ತೋರಿಸುವ 'ಮ್ಯಾನ್ಯುಯಲ್ ಆ್ಯಕ್ಷನ್ಸ್' ಎಂಬ ಪುಟ ತೆರೆದು, ಅಲ್ಲಿ ಏನೂ ಇಲ್ಲದಿದ್ದರೆ ಆ 500ರ ಪಟ್ಟಿಯನ್ನು ಮರೆತುಬಿಡಿ.

ತೋಟದಮನೆ:

ತಮ್ಮ ಊಹೆ ಅಕ್ಷರಶಃ ನಿಜವಾಯಿತು. ವಾಟ್ಸ್ಯಾಪಿನಲ್ಲಿ ಬಂದ ಸಾಲನ್ನು ತಂದೆಯವರಿಗೆ ತೋರಿಸಿದೆ. ಇದು ಯಾವ ದೇಶದ ಭಾಷೆ ಎಂದು ಕೇಳಿದರು. ಎಲ್ಲ ಲೇಖನಗಳೂ ನುಡಿಯಲ್ಲಿಯೇ ಇವೆ. ಇಷ್ಟು ವರ್ಷಗಳ ಕೆಲಸವನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು ಗಾಜಿನ ಬಾಗಿಲಿನಿಂದ ತೋರಿಸುತ್ತಿದ್ದೆ ಎಂದು ಈಗ ಅರಿವಾಗುತ್ತಿದೆ.

ಅಂತರಜಾಲದಲ್ಲಿ ಸಿಗುವ ಒಂದು ಪರಿವರ್ತಕದಲ್ಲಿ ಹತ್ತು ಲೇಖನಗಳನ್ನು ಯೂನಿಕೋಡಿಗೆ ಬದಲಿಸಿ ನೋಡಿದೆ. ಬಹುಪಾಲು ಸರಿ ಬಂದರೂ ಕೆಲವು ಕಡೆ 'ಸೂರ್ಯ', 'ವರ್ಷ' ಮುಂತಾದ ಪದಗಳಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿದೆ. ರೋಗಾಣುವಿನ ವೈಜ್ಞಾನಿಕ ಹೆಸರು ಇಂಗ್ಲಿಷಿನಲ್ಲಿ ಇದ್ದ ಕಡೆಯಲ್ಲೆಲ್ಲ ವಿಚಿತ್ರವಾದ ಕನ್ನಡ ಒತ್ತುಗಳ ಗೊಂಚಲು ಬಂದಿದೆ. ಅಂಕಿಗಳೂ ಕನ್ನಡ ಅಂಕಿಗಳಾಗಿವೆ. ಇದನ್ನೆಲ್ಲ ಕೈಯಿಂದಲೇ ತಿದ್ದಬೇಕೆ?

ಒತ್ತಕ್ಷರ:

ಅರ್ಕಾವೊತ್ತಿನ ತಪ್ಪಿಗೆ ಕಾರಣವಿದೆ. ಹಳೆಯ ಫಾಂಟಿನಲ್ಲಿ ಅದನ್ನು ನಾವು ಬರೆಯುವ ಕ್ರಮದಲ್ಲಿಯೇ, ಅಂದರೆ ಅಕ್ಷರದ ನಂತರ, ಸಂಗ್ರಹಿಸಿರುತ್ತಾರೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮವಿರುವುದರಿಂದ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡುವಾಗ ಎಷ್ಟು ದೂರ ಎಂದು ಕೆಲವೊಮ್ಮೆ ಎಡವುತ್ತದೆ. ಇಂಗ್ಲಿಷ್ ಪದಗಳು ಹಾಳಾಗುವುದು ಬರಿಯ ಪಠ್ಯವನ್ನು ಪರಿವರ್ತಕಕ್ಕೆ ಸುರಿದಾಗ, ಏಕೆಂದರೆ ಅದಕ್ಕೆ ಎಲ್ಲವೂ ನುಡಿಯಂತೆಯೇ ಕಾಣುತ್ತದೆ. ನಿಮ್ಮ ಮೂಲ ವರ್ಡ್ ಕಡತಗಳು ಉಳಿದಿದ್ದರೆ ಯಾವ ತುಂಡಿಗೆ ಯಾವ ಫಾಂಟ್ ಎಂಬ ಮಾಹಿತಿ ಅವುಗಳಲ್ಲಿರುತ್ತದೆ. ನುಡಿ ಫಾಂಟಿರುವ ತುಂಡುಗಳನ್ನು ಮಾತ್ರ ಬದಲಿಸುವ ಪರಿವರ್ತಕ ಬಳಸಿದರೆ ಇಂಗ್ಲಿಷ್ ಹಾಗೆಯೇ ಉಳಿಯುತ್ತದೆ. ಆಮೇಲೂ ಒಬ್ಬರು ಕೂತು ಓದಲೇಬೇಕು. ಮೊದಲು ಕೊಳೆರೋಗದ 22 ಲೇಖನ ಮುಗಿಸಿ, ಉಳಿದವು ನಿಧಾನವಾಗಿ ಆಗಲಿ.

ವಿಳಾಸಗಳನ್ನು ಬದಲಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಕನ್ನಡ ವಿಳಾಸವನ್ನು ಗೂಗಲ್ ಓದಬಲ್ಲದು, ಅದರಲ್ಲಿ ತಪ್ಪೇನಿಲ್ಲ. ಆದರೆ ನಕಲು ಮಾಡಿ ಬೇರೆಡೆ ಅಂಟಿಸಿದಾಗ ಪ್ರತಿಯೊಂದು ಕನ್ನಡ ಸಂಕೇತವೂ ಸಾಮಾನ್ಯವಾಗಿ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. 'ಕೊಳೆರೋಗ' ಎಂಬ ಒಂದೇ ಪದ 63 ಅಕ್ಷರವಾಗುತ್ತದೆ. ವಾಟ್ಸ್ಯಾಪ್ ಗುಂಪುಗಳಲ್ಲಿ ಹಂಚುವ ರೈತರಿಗೆ ಅದು ಕಿರಿಕಿರಿ.

ಕೊನೆಗೌಡ:

ನಾನು ತಂತ್ರಜ್ಞನಲ್ಲ, ಸುಳ್ಯದ ಕಡೆಯ ಅಡಿಕೆ ಬೆಳೆಗಾರ. ಒಂದು ಸಣ್ಣ ತಾಣವನ್ನೂ ನೋಡಿಕೊಳ್ಳುತ್ತೇನೆ. ಯೂನಿಕೋಡ್ ಆದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದನ್ನು ಹೇಳುತ್ತೇನೆ.

ಹಳೆಯ ಮಾಸಿಕಗಳ ಶೀರ್ಷಿಕೆಗಳು ಸಾಹಿತ್ಯಿಕವಾಗಿರುತ್ತವೆ. 'ಕಾರ್ಮುಗಿಲು ತಂದ ಕಣ್ಣೀರು' ಎಂಬ ತಲೆಬರಹ ಅಚ್ಚಿನಲ್ಲಿ ಚೆಂದ, ಪಕ್ಕದಲ್ಲಿ ಉದುರಿದ ಕಾಯಿಯ ಚಿತ್ರವಿರುತ್ತದೆ. ಹುಡುಕುವವನು ಮಾತ್ರ ಹಾಗೆ ಟೈಪ್ ಮಾಡುವುದಿಲ್ಲ. ಲೇಖಕರ ಶೀರ್ಷಿಕೆಯನ್ನು ಪುಟದ ಒಳಗೆ ಹಾಗೆಯೇ ಉಳಿಸಿ, ಪುಟದ ಟೈಟಲ್ ಟ್ಯಾಗಿನಲ್ಲಿ (ಬ್ರೌಸರ್ ಮತ್ತು ಗೂಗಲ್ ಓದುವ ಶೀರ್ಷಿಕೆಯಲ್ಲಿ) 'ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ತಯಾರಿ ಮತ್ತು ಸಿಂಪಡಣೆ' ಎಂದು ಕೊಡಿ. ಫಲಿತಾಂಶದಲ್ಲಿ ಬಹುಮಟ್ಟಿಗೆ ಅದೇ ಕಾಣುತ್ತದೆ.

ಎರಡನೆಯದು ಊರೂರಿನ ಮಾತು. ನೀವು ಕೊಳೆ ಎನ್ನುವುದನ್ನು ನಮ್ಮ ಕಡೆ ಮಹಾಳಿ ಎನ್ನುತ್ತಾರೆ. ಅದಕ್ಕೆ ಸಿಂಪಡಿಸುವ ಔಷಧವನ್ನು ಬೋರ್ಡೋ ದ್ರಾವಣ ಎಂದು ಒಬ್ಬರು, ಬೋರ್ಡೋ ಮಿಶ್ರಣ ಎಂದು ಇನ್ನೊಬ್ಬರು, ಮೈಲುತುತ್ತು ಸುಣ್ಣ ಎಂದು ಮತ್ತೊಬ್ಬರು. ಇವನ್ನೆಲ್ಲ ಪುಟದ ತಳದಲ್ಲಿ ಪಟ್ಟಿ ಮಾಡಿ ತುರುಕಬೇಡಿ, ಅದು ಓದುಗನಿಗೂ ಅಸಹ್ಯ. ಮೊದಲ ಪ್ಯಾರಾದಲ್ಲೇ 'ದಕ್ಷಿಣ ಕನ್ನಡದಲ್ಲಿ ಮಹಾಳಿ ಎಂದು ಕರೆಯುವ ಕೊಳೆರೋಗ' ಎಂದು ಒಂದು ಸಲ ಬಂದರೆ ಸಾಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಅಳತೆಯೂ ಮೇಲೆಯೇ ಇರಲಿ. ಜೂನ್ ತಿಂಗಳಲ್ಲಿ ಮಳೆ ಹೊಳವಾದ ಅರ್ಧ ದಿನದಲ್ಲಿ ತೋಟದಲ್ಲಿ ನಿಂತು ಫೋನ್ ತೆಗೆಯುವವನಿಗೆ ಬೇಕಾದದ್ದು ಅದು, ರೋಗದ ಚರಿತ್ರೆಯಲ್ಲ. ಚರಿತ್ರೆ ಸ್ವಾರಸ್ಯವಾಗಿಯೇ ಇದೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್‌ಮನ್ 1910ರಲ್ಲಿ ಈ ರೋಗದ ಕುರಿತು ಪ್ರಕಟಿಸಿದಾಗ 'ಕೊಳೆರೋಗ' ಎಂಬ ನಮ್ಮ ಪದವನ್ನೇ ಇಂಗ್ಲಿಷಿನಲ್ಲೂ ಇಟ್ಟುಕೊಂಡರು. ಅದು ಕೆಳಗೆ ಬರಲಿ.

ಸರ್ಚ್ ಕನ್ಸೋಲ್ ಹದಿನಾರು ತಿಂಗಳ ಹುಡುಕಾಟದ ಪದಗಳನ್ನು ಇಟ್ಟುಕೊಂಡಿರುತ್ತದೆ. ನನ್ನ ತಾಣದಲ್ಲಿ ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುವವರು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ನಿಮ್ಮ ವಿಳಾಸಗಳು ಇಂಗ್ಲಿಷ್ ಅಕ್ಷರದಲ್ಲಿಯೇ ಇರುವುದಕ್ಕೆ ಇದೂ ಒಂದು ಕಾರಣವೆನ್ನಿ.

ತೋಟದಮನೆ:

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಏಳು ವಾರಗಳಲ್ಲಿ ಕೊಳೆರೋಗದ 22 ಲೇಖನಗಳನ್ನು ತಿದ್ದಿ ಹಾಕಿದೆ. ಕರಡು ನೋಡಿದವರು ತಂದೆಯವರೇ. ಹದಿನಾಲ್ಕು ಪುಟಗಳು ಈಗ ಗೂಗಲ್‌ನ ಸೂಚಿಯಲ್ಲಿ, ಅಂದರೆ ಹುಡುಕಾಟದಲ್ಲಿ ತೋರಿಸುವ ಪುಟಗಳ ಪಟ್ಟಿಯಲ್ಲಿ, ಇವೆ. 'ಕೊಟ್ಟೆ ಕಟ್ಟುವ ವಿಧಾನ' (ಮಳೆ ನೀರು ತಾಗದಂತೆ ಅಡಿಕೆ ಗೊನೆಗೆ ಹೊದಿಕೆ ಕಟ್ಟುವುದು) ಎಂದು ಹುಡುಕಿದರೆ ಮೂರನೆಯ ಸ್ಥಾನದಲ್ಲಿದ್ದೇವೆ. 'ಅಡಿಕೆ ಕೊಳೆರೋಗ'ಕ್ಕೆ ಎರಡನೆಯ ಪುಟದ ಕೊನೆಯಲ್ಲಿ ಕಾಣಿಸಿಕೊಂಡಿದ್ದೇವೆ. ಉಳಿದ ಎಂಟು ಪುಟಗಳ ಮುಂದೆ 'ಕ್ರಾಲ್ ಆಗಿದೆ, ಸದ್ಯ ಸೂಚಿಯಲ್ಲಿಲ್ಲ' ಎಂಬರ್ಥದ, ಅಂದರೆ ಗೂಗಲ್ ಓದಿದರೂ ಸೇರಿಸಿಕೊಂಡಿಲ್ಲವೆಂಬ, ಒಕ್ಕಣೆ ಇದೆ. ಏನು ಮಾಡಬೇಕು?

ಒತ್ತಕ್ಷರ:

ಆ ಎಂಟನ್ನೂ ಅಕ್ಕಪಕ್ಕ ತೆರೆದಿಟ್ಟು ಓದಿ. ಪ್ರತಿ ಮಳೆಗಾಲದ ಸಂಚಿಕೆಯಲ್ಲೂ ಅದೇ ಎಚ್ಚರಿಕೆಯನ್ನು ಮಾಸಿಕಗಳು ಮತ್ತೆ ಮತ್ತೆ ಅಚ್ಚು ಮಾಡುತ್ತವೆ; ನಿಮ್ಮವೂ ಹಾಗಿದ್ದರೆ ಅವುಗಳಲ್ಲಿ ಉತ್ತಮವಾದ ಒಂದನ್ನು ಆರಿಸಿ, ಉಳಿದವುಗಳಲ್ಲಿ ಬೇರೆಲ್ಲೂ ಇಲ್ಲದ ಮಾತಿದ್ದರೆ ಅದನ್ನು ಇದಕ್ಕೆ ಸೇರಿಸಿ, ಹಳೆಯ ವಿಳಾಸಗಳಿಂದ ಇದಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳುಹಿಸುವ ವ್ಯವಸ್ಥೆ) ಕೊಡಿ. ಆ ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಜೊತೆಗೆ ಸೂಚಿಯಲ್ಲಿರುವ ಹದಿನಾಲ್ಕು ಲೇಖನಗಳ ಒಳಗಿನಿಂದ ಈ ಪುಟಕ್ಕೆ ಕೊಂಡಿ ಹಾಕಿ. ವೇಗದ ಬಗ್ಗೆ ಮೊದಲು ಕೇಳಿದ್ದಿರಿ: ಹಳೆಯ ನುಡಿ ಫಾಂಟಿನ ಕಡತ ಇನ್ನೂ ಪ್ರತಿ ಪುಟದಲ್ಲೂ ಇಳಿಯುತ್ತಿರಬಹುದು. ಕೊನೆಯ ಲೇಖನ ಯೂನಿಕೋಡಿಗೆ ಬಂದ ದಿನ ಅದನ್ನು ತೆಗೆದುಬಿಡಿ.