‘ಗಡ್ಡೆ ಮಾಯ’ ಫಾರ್ವರ್ಡ್ ಮತ್ತು ನಮ್ಮ ಮನೆ ಗುಂಪು

ದೊಡ್ಡಪ್ಪ: (ಫಾರ್ವರ್ಡ್) ಕ್ಯಾನ್ಸರ್‌ಗೆ ಕೊನೆಗೂ ಮದ್ದು! ಆರ್‌ಎನ್‌ಎ (ಜೀನಿನ ಸಂದೇಶದ ನಕಲು) ಕತ್ತರಿಸಿ ಜೋಡಿಸುವ ಎಸ್‌ಎಫ್‌3ಬಿ1 ಪ್ರೋಟೀನನ್ನು ತಡೆದರೆ ಗಡ್ಡೆ ಮಾಯ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ಲಾಲ್‌ಬಾಗ್ ವಾಕಿಂಗ್ ಮೂರ್ತಿಗೂ ಕಳಿಸಿದ್ದೇನೆ.

ಸಹನಾ: ಅವರಿಗ್ಯಾಕೆ ಕಳಿಸಿದಿರಿ ದೊಡ್ಡಪ್ಪ? ಅವರದು ಎಂಡಿಎಸ್. ಮಜ್ಜೆಯ ಕಾಯಿಲೆ, ಗಡ್ಡೆಯೇ ಇಲ್ಲ.

ದೊಡ್ಡಪ್ಪ: ಅವನ ರಿಪೋರ್ಟ್‌ನಲ್ಲಿ ಎಸ್‌ಎಫ್‌3ಬಿ1 ಅಂತ ಇದೆ. ಇದರಲ್ಲೂ ಅದೇ ಹೆಸರು. ನಾನೇನು ಓದದೆ ಕಳಿಸುತ್ತೇನಾ?

ಕಾರ್ತಿಕ್: ಹೋದ ವಾರದ ಕರಿಬೇವಿನ ಕಷಾಯ ಯಾರು ಕಳಿಸಿದ್ದು 😄

ಸಹನಾ: ಹೆಸರು ಸರಿ. ಎಂಡಿಎಸ್ ಇರುವ ಕೆಲವರಲ್ಲಿ ಆ ಪ್ರೋಟೀನ್ ಮಾಡುವ ಜೀನ್ ಕೆಟ್ಟಿರುತ್ತದೆ ಅಂತ 2011ರಲ್ಲೇ ಗೊತ್ತಾಯಿತು. ಆದರೆ ಆ ಪ್ರೋಟೀನ್ ಒಳ್ಳೆಯ ಕೋಶಕ್ಕೂ ಬೇಕು. ಇ7107 ಅನ್ನುವ ಔಷಧಿ ಅದನ್ನೇ ತಡೆಯುತ್ತಿತ್ತು. ಕೆಲವು ರೋಗಿಗಳ ಕಣ್ಣಿಗೇ ಪೆಟ್ಟು ಬಿತ್ತು. ಪ್ರಯೋಗ ನಿಲ್ಲಿಸಿದರು.

ದೊಡ್ಡಪ್ಪ: ಎಸ್‌ಎಂಎ ಅನ್ನುವ ನರ-ಸ್ನಾಯು ಕಾಯಿಲೆಯ ಮಕ್ಕಳಿಗೆ ಕೊಡುವ ಸ್ಪಿನ್ರಾಜಾ ಔಷಧಿ ಕೂಡ ಸ್ಪ್ಲೈಸಿಂಗ್ (ಅದೇ, ಆರ್‌ಎನ್‌ಎ ಕತ್ತರಿಸಿ ಜೋಡಿಸುವುದು) ತಿದ್ದುವುದೇ ಅಲ್ವಾ? 2016ರಲ್ಲೇ ಅಮೆರಿಕ ಒಪ್ಪಿದೆ. ಗೂಗಲ್ ನನಗೂ ಬರುತ್ತದೆ.

ಸಹನಾ: ಅದು ಒಂದೇ ಜೀನಿನ ಆರ್‌ಎನ್‌ಎ ತಿದ್ದುತ್ತದೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲ ಜೀನಿಗೂ ದುಡಿಯುವ ಯಂತ್ರಕ್ಕೇ ಕೈ ಹಾಕುತ್ತಿದ್ದಾರೆ.

ಚಿಕ್ಕಮ್ಮ: ಮತ್ತೆ ಇನ್ನೂ ಯಾಕೆ ಅದರ ಹಿಂದೆ ಬಿದ್ದಿದ್ದಾರೆ?

ಸಹನಾ: ಕಾಯಿಲೆ ಕೋಶದಲ್ಲಿ ಆ ಜೀನಿನ ಎರಡು ಪ್ರತಿಯಲ್ಲಿ ಒಂದು ಕೆಟ್ಟಿರುತ್ತದೆ. ಉಳಿದಿದ್ದರ ಮೇಲೇ ಅದರ ಜೀವ. ಅದನ್ನು ಸ್ವಲ್ಪ ಅದುಮಿದರೆ ಕಾಯಿಲೆ ಕೋಶ ಸಾಯಬೇಕು, ಒಳ್ಳೆಯದು ತಾಳಿಕೊಳ್ಳಬೇಕು. ಲೆಕ್ಕ ಚೆನ್ನಾಗಿದೆ ಚಿಕ್ಕಮ್ಮ. ಆದರೆ ಎಚ್‌3ಬಿ-8800 ಅನ್ನುವ ಇಂಥದೇ ಔಷಧಿಯನ್ನು 84 ಮಂದಿಗೆ ಕೊಟ್ಟು ನೋಡಿದಾಗ ಯಾರಿಗೂ ಕಾಯಿಲೆ ಹಿಮ್ಮೆಟ್ಟಲಿಲ್ಲ. ಕೆಲವರಿಗೆ ರಕ್ತ ಹಾಕಿಸುವುದು ತಪ್ಪಿತು, ಅಷ್ಟೇ.

ದೊಡ್ಡಪ್ಪ: ಅಷ್ಟೇನಾ? ಮೂರ್ತಿ ರಕ್ತ ಹಾಕಿಸೋಕೆ ಡೇರಿ ಸರ್ಕಲ್ ಟ್ರಾಫಿಕ್ ದಾಟಿ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಾನೆ. ಬಂದವನು ಎರಡು ದಿನ ಏಳುವುದಿಲ್ಲ. ಒಂದು ಸಲ ಜೊತೆಗೆ ಹೋಗಿ ಬಾ, ಆಮೇಲೆ ‘ಅಷ್ಟೇ’ ಅನ್ನು.

ಚಿಕ್ಕಮ್ಮ: ಭಾವ, ಮಗುವಿನ ಮೇಲೆ ಯಾಕೆ ರೇಗುತ್ತೀರಿ?

ಸಹನಾ: ಇರಲಿ ಚಿಕ್ಕಮ್ಮ. ದೊಡ್ಡಪ್ಪ, ರಕ್ತ ಹಾಕಿಸುವುದು ಕಮ್ಮಿಯಾಗುವುದೇ ಬೇಕಿದ್ದರೆ ಲುಸ್ಪಾಟರ್ಸೆಪ್ಟ್ ಅಂತ ಇಂಜೆಕ್ಷನ್ ಇದೆ. ಸ್ಪ್ಲೈಸಿಂಗ್ ತಂಟೆಗೆ ಹೋಗುವುದಿಲ್ಲ, ಕೆಂಪು ಕಣ ಪೂರ್ತಿ ಬೆಳೆಯಲು ನೆರವಾಗುತ್ತದೆ. ಎಸ್‌ಎಫ್‌3ಬಿ1 ಕೆಟ್ಟಿರುವ ಬಹಳ ಜನಕ್ಕೆ ಕೆಲಸ ಮಾಡಿದೆ. ತಮಗೆ ಆಗುತ್ತದಾ ಅಂತ ಮೂರ್ತಿ ಅಂಕಲ್ ಡಾಕ್ಟರನ್ನೇ ಕೇಳಲಿ. ಆ ‘ಗಡ್ಡೆ ಮಾಯ’ ಮಾತ್ರ ಅಳಿಸಿ, ಪ್ಲೀಸ್.

ದೊಡ್ಡಪ್ಪ: ಅಳಿಸಿದರೆ ಏನು ಅಳಿಸಿದೆ ಅಂತ ರಾತ್ರಿಯೆಲ್ಲ ಫೋನ್ ಮಾಡುತ್ತಾನೆ. ಆ ಇಂಜೆಕ್ಷನ್ ಹೆಸರು ಬಿಡಿಸಿ ಇನ್ನೊಮ್ಮೆ ಹಾಕು. ಗುರುವಾರ ಅವನಿಗೆ ಡಾಕ್ಟರ್ ಇದೆ.

ಕಾರ್ತಿಕ್: ಬೆಲೆಯನ್ನೂ ಕೇಳಲಿ.