ಪಾರ್ಟಗಾಸ್ ಲೂಸಿಟಾನಿಯಾಸ್ ಸಿಗಾರ್: ಕೊನೆಯ ಭಾಗದ ಖಾರಕ್ಕೆ ಕಾರಣವೇನು?

ಪ್ರಶ್ನೆ:
ಕ್ಯೂಬಾದ ಪಾರ್ಟಗಾಸ್ ಲೂಸಿಟಾನಿಯಾಸ್ ಸಿಗಾರನ್ನು ಮೊದಲ ಬಾರಿಗೆ ಸವಿಯಲಿದ್ದೇನೆ. 194 ಮಿಲಿಮೀಟರ್ ಉದ್ದ, 49 ರಿಂಗ್ ಗೇಜ್ (ಒಂದು ಗೇಜ್ ಎಂದರೆ ಅಂಗುಲದ 64ನೇ ಒಂದು ಭಾಗ) ದಪ್ಪದ ಈ ಡಬಲ್ ಕರೋನಾ, ಅಂದರೆ ಉದ್ದನೆಯ ದಪ್ಪ ಸಿಗಾರ್, ಮೃದುವಾಗಿ ಆರಂಭವಾಗಿ, ಕೊನೆಯ ಮೂರನೇ ಒಂದು ಭಾಗದಲ್ಲಿ ಬಹಳ ಖಾರವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇದು ಎಲೆಯ ಗುಣವೋ, ಸೇದುವ ಕ್ರಮದ ದೋಷವೋ ದಯವಿಟ್ಟು ತಿಳಿಸಿ.

ಉತ್ತರ 1:
ಎರಡೂ ಹೌದು. ಗಿಡದ ತುದಿಯಲ್ಲಿ ಹೆಚ್ಚು ಬಿಸಿಲುಂಡು ಬಲಿಯುವ ಲಿಗೇರೋ ಎಲೆ ಸಿಗಾರಿಗೆ ಬಲವನ್ನೂ, ನಡುವಿನ ಸೆಕೋ ಪರಿಮಳವನ್ನೂ, ಬುಡದ ವೊಲಾಡೋ ಸಮನಾಗಿ ಉರಿಯುವ ಗುಣವನ್ನೂ ಕೊಡುತ್ತವೆ. ಹೊಗೆಯು ಉಳಿದ ಎಲೆಯ ಮೂಲಕವೇ ಹಾದುಬರುವುದರಿಂದ ಅದರಲ್ಲಿನ ಎಣ್ಣೆ, ಟಾರ್ ಮತ್ತು ನಿಕೋಟಿನ್ ಬಾಯಿಯ ಕಡೆಯ ಭಾಗದಲ್ಲಿ ಸಾಂದ್ರವಾಗುತ್ತಾ ಹೋಗುತ್ತವೆ. ಆದ್ದರಿಂದ ಖಾರ ಏರುವುದು ಸಹಜ. ಆದರೆ ಸುಟ್ಟ ಕಹಿ ಬಂದರೆ, ಅದು ಆತುರದ ಫಲವೆಂದೇ ನನ್ನ ಅಭಿಪ್ರಾಯ. ನಿಮಿಷಕ್ಕೊಂದು ದಮ್ಮು ಸಾಕು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತಾ, ರುಚಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದೆ ಬಾಯಲ್ಲೇ ನಿಲ್ಲಿಸಿ, ಅದರ ಸ್ವಲ್ಪ ಭಾಗವನ್ನು ಮಾತ್ರ ಮೂಗಿನ ಮೂಲಕ ನಿಧಾನವಾಗಿ ಹೊರಬಿಟ್ಟರೆ, ನಾಲಿಗೆಗೆ ಬರಿಯ ಖಾರವೆನಿಸಿದ್ದರಲ್ಲಿ ದೇವದಾರು, ಹುರಿದ ಕಾಫಿ, ಕರಿಮೆಣಸಿನ ವಾಸನೆಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಇಷ್ಟು ಪ್ರಬಲವಾದ ಸಿಗಾರನ್ನು ಖಾಲಿ ಹೊಟ್ಟೆಯಲ್ಲಿ ಸೇದಬೇಡಿ, ತಲೆ ಸುತ್ತುತ್ತದೆ. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ಉತ್ತರ 3:
ಸಿಗಾರನ್ನು ಶೇಕಡಾ 65ರಿಂದ 70ರಷ್ಟು ಆರ್ದ್ರತೆಯಲ್ಲಿ ಇಟ್ಟಿದ್ದೀರಾ? ತೇವ ಹೆಚ್ಚಾದರೆ ಅದು ಪದೇಪದೇ ಆರಿ, ಮತ್ತೆ ಹೊತ್ತಿಸಿದಾಗಲೆಲ್ಲ ಕಹಿ ಹೆಚ್ಚುತ್ತದೆ. ರುಚಿ ಕೆಟ್ಟ ಕೂಡಲೇ, ಎಷ್ಟೇ ಉಳಿದಿದ್ದರೂ ಕೆಳಗಿಡಿ.